ಸೆಂಟಾರಸ್ ಎ: ಕಣ್ಣಿಗೆ ಒಂದು ಮಸುಕು, ರೇಡಿಯೊಗೆ ಎಂಟು ಡಿಗ್ರಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯ ರಕ್ಷಾಪುಟದಲ್ಲಿ ಸೆಂಟಾರಸ್ ಎ ಗೆಲಾಕ್ಸಿಯ ಚಿತ್ರ ಹಾಕಿದ್ದೆವು. ದುಂಡನೆಯ ಬೆಳಕಿನ ಗೋಳ, ಅದರ ನಡುವೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿ. ಕಿನ್ನರ ನಕ್ಷತ್ರಪುಂಜದಲ್ಲಿರುವ ಇದಕ್ಕೆ ಖಗೋಳ ಕ್ಯಾಟಲಾಗಿನಲ್ಲಿರುವ ಹೆಸರು ಎನ್‌ಜಿಸಿ 5128. ದೂರ ಸುಮಾರು 1.2 ಕೋಟಿ ಜ್ಯೋತಿರ್ವರ್ಷ. ನಮಗೆ ತೀರಾ ಹತ್ತಿರವಿರುವ ಸಕ್ರಿಯ ರೇಡಿಯೊ ಗೆಲಾಕ್ಸಿ, ಅಂದರೆ ರೇಡಿಯೊ ಅಲೆಗಳನ್ನು ತೀವ್ರವಾಗಿ ಸೂಸುವ ಗೆಲಾಕ್ಸಿ, ಇದೇ. ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯ ಕೇಳುತ್ತಿದ್ದವು. ಅವನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಇದು ಒಂದೇ ಗೆಲಾಕ್ಸಿಯೋ, ಅಥವಾ ಒಂದರ ಮುಂದೆ ಇನ್ನೊಂದು ಅಡ್ಡ ಬಂದಿದೆಯೋ? ಆ ಕಪ್ಪು ಪಟ್ಟಿ ಏನು? (ಶಿವಮೊಗ್ಗ)

ಈಗ ಒಂದೇ. ಹಿಂದೆ ಎರಡಿದ್ದವು. ದುಂಡನೆಯ ಭಾಗ ಹಳೆಯ ನಕ್ಷತ್ರಗಳಿಂದ ತುಂಬಿದ ದೀರ್ಘವೃತ್ತೀಯ ಗೆಲಾಕ್ಸಿ. ಅಂಥ ಗೆಲಾಕ್ಸಿಗಳಲ್ಲಿ ಸಾಮಾನ್ಯವಾಗಿ ಅನಿಲ, ಧೂಳು ಕಡಿಮೆ. ಇಲ್ಲಿ ಕಾಣುವ ಕಪ್ಪು ಪಟ್ಟಿ ಹೊರಗಿನಿಂದ ಬಂದ ಸರಕು: ಅನಿಲ, ಧೂಳು ಹೇರಳವಾಗಿದ್ದ ಇನ್ನೊಂದು ಗೆಲಾಕ್ಸಿಯನ್ನು ದೊಡ್ಡದು ನುಂಗಿದಾಗ ಉಳಿದದ್ದು. ಆ ಅನಿಲ ಕೇಂದ್ರದ ಸುತ್ತ ತಿರುಗುವ ತಟ್ಟೆಯಾಗಿ ನೆಲೆಗೊಂಡಿದೆ. ಆ ತಟ್ಟೆ ಸಪಾಟಾಗಿಲ್ಲ, ಬಾಗಿ ತಿರುಚಿಕೊಂಡಿದೆ. ಅದನ್ನು ನಾವು ಹೆಚ್ಚುಕಡಿಮೆ ಅಂಚಿನ ಕಡೆಯಿಂದ ನೋಡುತ್ತಿರುವುದರಿಂದ ಹಿಂದಿನ ನಕ್ಷತ್ರಗಳ ಬೆಳಕನ್ನು ತಡೆದು ಪಟ್ಟಿಯಂತೆ ಕಾಣುತ್ತದೆ. ಸ್ಪಿಟ್ಜರ್ ದೂರದರ್ಶಕ ಅವಕೆಂಪಿನಲ್ಲಿ ನೋಡಿದಾಗ ಅದೇ ಧೂಳು ಹೊಳೆದು, ಓರೆಯಾದ ಸಮಾಂತರ ಚತುರ್ಭುಜದ ಆಕಾರ ಕಂಡಿತು. ತಿರುಚಿದ ತಟ್ಟೆಯನ್ನು ಅಂಚಿನಿಂದ ನೋಡಿದರೆ ಬರುವ ಆಕಾರವೇ ಅದು.

ಅನಿಲದ ವೇಗವೂ ಇದನ್ನೇ ಹೇಳುತ್ತದೆ. ಪಟ್ಟಿಯ ಒಂದು ತುದಿ ನಮ್ಮಿಂದ ದೂರ ಸರಿಯುವ ವೇಗ ಗೆಲಾಕ್ಸಿಯ ಸರಾಸರಿಗಿಂತ ಹೆಚ್ಚು, ಇನ್ನೊಂದು ತುದಿಯದು ಕಡಿಮೆ. ನಡುವಿನ ವೇಗ ಗೆಲಾಕ್ಸಿಯ ವೇಗಕ್ಕೇ ಹೊಂದುತ್ತದೆ. ಸಂಬಂಧವಿಲ್ಲದ ಗೆಲಾಕ್ಸಿ ಎದುರಿಗೆ ಬಂದಿದ್ದರೆ ಈ ಹೊಂದಾಣಿಕೆ ಇರುತ್ತಿರಲಿಲ್ಲ. ಇದರ ಜೊತೆಗೆ ಹೊರಭಾಗದಲ್ಲಿ ನಕ್ಷತ್ರಗಳ ತೆಳುವಾದ ಕಮಾನುಗಳಿವೆ. ಆಸ್ಟ್ರೇಲಿಯಾದ ಡೇವಿಡ್ ಮ್ಯಾಲಿನ್ ಮತ್ತು ಸಂಗಡಿಗರು 1983ರಲ್ಲಿ ಛಾಯಾಚಿತ್ರದ ಫಲಕಗಳಿಂದ ಅತಿ ಮಂದ ಬೆಳಕನ್ನು ಹೊರತೆಗೆದು ಇವನ್ನು ತೋರಿಸಿದರು. ನುಂಗಿದ ಗೆಲಾಕ್ಸಿಯ ನಕ್ಷತ್ರಗಳು ಹಿಂದಕ್ಕೂ ಮುಂದಕ್ಕೂ ತೂಗಾಡುವಾಗ ಇಂಥ ಕಮಾನುಗಳು ಮೂಡುತ್ತವೆ.

ಗೆಲಾಕ್ಸಿಯನ್ನು ಮೊದಲು ಗುರುತಿಸಿದವರು ಜೇಮ್ಸ್ ಡನ್‌ಲಪ್, 1826ರಲ್ಲಿ, ಆಸ್ಟ್ರೇಲಿಯಾದ ಪರಮಟ್ಟಾದಿಂದ. ಅದು ಗೆಲಾಕ್ಸಿ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ರೇಡಿಯೊ ಮೂಲವಾಗಿ ಅದರ ಗುರುತು ಸಿಕ್ಕಿದ್ದು 1949ರಲ್ಲಿ. ಜಾನ್ ಬೋಲ್ಟನ್, ಗಾರ್ಡನ್ ಸ್ಟ್ಯಾನ್ಲಿ, ಬ್ರೂಸ್ ಸ್ಲೀ ಸಿಡ್ನಿಯ ಡೋವರ್ ಹೈಟ್ಸ್ ಎಂಬ ಕಡಲಬಂಡೆಯ ಮೇಲೆ ಆಂಟೆನಾ ಇಟ್ಟಿದ್ದರು. ಮೂಲ ಕಡಲಿನ ಮೇಲೆ ಉದಯಿಸುವಾಗ ನೇರ ಬಂದ ಅಲೆಯೂ ನೀರಿನಿಂದ ಪ್ರತಿಫಲಿಸಿ ಬಂದ ಅಲೆಯೂ ಕೂಡಿ ಏರಿಳಿತ ಮೂಡುತ್ತಿತ್ತು. ಆ ಏರಿಳಿತದಿಂದ ದಿಕ್ಕು ಲೆಕ್ಕ ಹಾಕಿದರು. ಸಿಡ್ನಿಯಲ್ಲಿ ಉದಯ ಮಾತ್ರ ಸಿಗುತ್ತದೆ, ಆದ್ದರಿಂದ 1948ರಲ್ಲಿ ನ್ಯೂಜಿಲೆಂಡಿಗೆ ಹೋಗಿ ಪಶ್ಚಿಮದ ಕಡಲಿಗೆ ಮುಖ ಮಾಡಿದ ಬಂಡೆಗಳಿಂದ ಅಸ್ತವನ್ನೂ ಅಳೆದರು. ಎರಡೂ ಸೇರಿದ ಮೇಲೆ ಸ್ಥಾನ ಎನ್‌ಜಿಸಿ 5128ರ ಮೇಲೆ ಬಂದು ಕೂತಿತು. ಇಷ್ಟು ಸರಳ ಸಲಕರಣೆಯಿಂದ ಇಷ್ಟು ದೊಡ್ಡ ಗುರುತು ಸಿಕ್ಕಿದ್ದು ರೇಡಿಯೊ ಖಗೋಳದ ಅತ್ಯಂತ ಸುಂದರ ಕೆಲಸಗಳಲ್ಲಿ ಒಂದು ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ದಕ್ಷಿಣಾರ್ಧಗೋಳದ ಗೆಲಾಕ್ಸಿ ಎನ್ನುತ್ತೀರಿ. ನಮ್ಮ ಕರ್ನಾಟಕದಿಂದ ಕಾಣುತ್ತದೆಯೇ? ಯಾವ ತಿಂಗಳು, ಎಷ್ಟು ಹೊತ್ತಿಗೆ, ಎಲ್ಲಿ ಹುಡುಕಬೇಕು? (ತುಮಕೂರು, ಗದಗ, ಮಡಿಕೇರಿ)

ಕಾಣುತ್ತದೆ, ಯುರೋಪಿನವರಿಗಿಂತ ನಾವು ಈ ವಿಷಯದಲ್ಲಿ ಅದೃಷ್ಟವಂತರು. ಅದರ ಡೆಕ್ಲಿನೇಷನ್, ಅಂದರೆ ಆಕಾಶದಲ್ಲಿನ ಅಕ್ಷಾಂಶ, −43 ಡಿಗ್ರಿ. ನಿಮ್ಮ ಊರಿನ ಅಕ್ಷಾಂಶವನ್ನು 47ರಿಂದ ಕಳೆಯಿರಿ, ಗೆಲಾಕ್ಸಿ ನೇರ ದಕ್ಷಿಣದಲ್ಲಿದ್ದಾಗ ಎಷ್ಟು ಎತ್ತರದಲ್ಲಿರುತ್ತದೆ ಎಂಬುದು ಸಿಗುತ್ತದೆ. ಬೆಂಗಳೂರು, ಮಂಗಳೂರಿಗೆ 34 ಡಿಗ್ರಿ, ಬೀದರಿಗೆ 29 ಡಿಗ್ರಿ. ಬೆಂಗಳೂರಿನ ಅಕ್ಷಾಂಶದಲ್ಲಿ ಅದು ದಿಗಂತದಿಂದ 20 ಡಿಗ್ರಿಗಿಂತ ಮೇಲೆ ಸುಮಾರು ಆರು ಗಂಟೆ ಇರುತ್ತದೆ.

ಹೊತ್ತು ತಿಳಿಯಲು ಚಿತ್ರಾ ನಕ್ಷತ್ರ ನೋಡಿ. ಕನ್ಯಾ ರಾಶಿಯ ಚಿತ್ರಾ ಮತ್ತು ಈ ಗೆಲಾಕ್ಸಿ ಒಂದೇ ರೇಖೆಯಲ್ಲಿವೆ. ಇವು ಮಧ್ಯಾಹ್ನರೇಖೆ (ಉತ್ತರದಿಂದ ನೆತ್ತಿಯ ಮೂಲಕ ದಕ್ಷಿಣಕ್ಕೆ ಹೋಗುವ ಗೆರೆ) ದಾಟುವುದು ಒಂದೇ ಹೊತ್ತಿಗೆ, ವ್ಯತ್ಯಾಸ ಅರ್ಧ ನಿಮಿಷವೂ ಇಲ್ಲ. ಚಿತ್ರಾ ನೇರ ದಕ್ಷಿಣದಲ್ಲಿ ಅತಿ ಎತ್ತರಕ್ಕೆ ಬಂದಾಗ ಅದರಿಂದ 32 ಡಿಗ್ರಿ ಕೆಳಗೆ ಸೆಂಟಾರಸ್ ಎ ಇರುತ್ತದೆ. ಬೆಂಗಳೂರಿನಲ್ಲಿ ಮಾರ್ಚ್ ಮಧ್ಯದಲ್ಲಿ ಇದು ರಾತ್ರಿ 2 ಗಂಟೆ ದಾಟಿದ ಮೇಲೆ, ಏಪ್ರಿಲ್ ಮಧ್ಯದಲ್ಲಿ ನಡುರಾತ್ರಿ 12ರ ಸುಮಾರಿಗೆ, ಮೇ ಮಧ್ಯದಲ್ಲಿ 10 ಗಂಟೆಗೆ. ಯುಗಾದಿ ಅಮಾವಾಸ್ಯೆ ಮತ್ತು ಅದರ ಮುಂದಿನ ಚೈತ್ರದ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳು ಒಳ್ಳೆಯವು. ವೈಶಾಖದ ಅಮಾವಾಸ್ಯೆಗೆ ಮೋಡದ ಕಾಟ ಶುರುವಾಗಿರುತ್ತದೆ.

ಹುಡುಕಲು 10×50 ಬೈನಾಕ್ಯುಲರ್ ಸಾಕು. ಕಿನ್ನರ ಪುಂಜದ ಅಯೋಟಾ ನಕ್ಷತ್ರ (ಕಾಂತಿಮಾನ 2.8; ಈ ಸಂಖ್ಯೆ ಚಿಕ್ಕದಾದಷ್ಟೂ ಪ್ರಕಾಶ ಹೆಚ್ಚು) ಹಿಡಿದು, ಅದನ್ನು ನೋಟದ ಮೇಲಂಚಿಗೆ ತನ್ನಿ. ಕೆಳಗೆ ಆರು ಡಿಗ್ರಿಗಿಂತ ತುಸು ಹೆಚ್ಚು, ಕೊಂಚ ಪೂರ್ವಕ್ಕೆ, ದುಂಡನೆಯ ಮಂಜಿನ ಚುಕ್ಕೆ ಸಿಗುತ್ತದೆ. ಇನ್ನೊಂದು ದಾರಿ ಒಮೇಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛದ ಮೂಲಕ. ಅದು ಕತ್ತಲ ಊರಿನಲ್ಲಿ ಬರಿಗಣ್ಣಿಗೇ ಮಂದವಾದ ನಕ್ಷತ್ರದಂತೆ ಕಾಣುತ್ತದೆ. ಅದನ್ನು ನೋಟದ ಕೆಳ ಅಂಚಿಗೆ ಇಟ್ಟರೆ ಸರಿಯಾಗಿ ನಾಲ್ಕೂವರೆ ಡಿಗ್ರಿ ಮೇಲೆ, ಅದೇ ನೋಟದಲ್ಲಿ, ಗೆಲಾಕ್ಸಿ ಇರುತ್ತದೆ. ಮೊದಲ ಸಲ ನೋಡುವವರಿಗೆ ನಾವು ಈ ಎರಡನೆಯ ದಾರಿಯನ್ನೇ ಹೇಳುತ್ತೇವೆ. ಒಮೇಗಾ ಸಿಕ್ಕರೆ ತಪ್ಪುವ ಸಂಭವ ಕಡಿಮೆ.

ಜಾಗದ ಆಯ್ಕೆಯಲ್ಲಿ ಬೆಂಗಳೂರಿನವರು ಎಡವುವುದು ಒಂದು ಕಡೆ. ಕತ್ತಲು ಬೇಕೆಂದು ನಂದಿಬೆಟ್ಟದ ಕಡೆ ಹೋಗುತ್ತಾರೆ. ನಂದಿ ಊರಿನ ಉತ್ತರಕ್ಕಿದೆ. ಅಲ್ಲಿಂದ ದಕ್ಷಿಣಕ್ಕೆ ನೋಡಿದರೆ ಎದುರಿಗೆ ಇಡೀ ಬೆಂಗಳೂರಿನ ಬೆಳಕು. ಈ ಗೆಲಾಕ್ಸಿಗಾಗಿ ಕನಕಪುರ, ಕೊಳ್ಳೇಗಾಲ, ಚಾಮರಾಜನಗರದ ಕಡೆ ಹೋಗಿ, ನಗರವನ್ನು ಬೆನ್ನಿಗೆ ಹಾಕಿಕೊಳ್ಳಿ. ಯಾವ ಊರಿನವರಾದರೂ ಇದೇ ಲೆಕ್ಕ: ದಕ್ಷಿಣ ದಿಕ್ಕು ಕತ್ತಲಾಗಿರಬೇಕು, ಉಳಿದ ದಿಕ್ಕುಗಳು ಹೇಗಿದ್ದರೂ ನಡೆದೀತು.

ಪ್ರಶ್ನೆ: 8 ಇಂಚಿನ ಡಾಬ್ಸೋನಿಯನ್ ಇದೆ. ಗೆಲಾಕ್ಸಿ ಸಿಕ್ಕಿತು, ಆದರೆ ಬರೀ ಮಸುಕು. ಪಟ್ಟಿ ಕಾಣಲೇ ಇಲ್ಲ. ಕನ್ನಡಿ ಹಾಳಾಗಿದೆಯೇ? (ದಾವಣಗೆರೆ)

ಕನ್ನಡಿಯ ತಪ್ಪು ಆಗಿರಲಾರದು. ಗೆಲಾಕ್ಸಿಯ ಒಟ್ಟು ಕಾಂತಿಮಾನ 6.8 ಎಂದು ಪುಸ್ತಕಗಳಲ್ಲಿ ಓದಿ ಸುಲಭವೆಂದುಕೊಳ್ಳುತ್ತೇವೆ. ಆ ಬೆಳಕು 25 ಕಲೆಗಳಷ್ಟು (ಕಲೆ ಎಂದರೆ ಡಿಗ್ರಿಯ 60ರಲ್ಲಿ ಒಂದು ಪಾಲು) ಅಗಲಕ್ಕೆ, ಅಂದರೆ ಹುಣ್ಣಿಮೆ ಚಂದ್ರನಿಗಿಂತ ಸ್ವಲ್ಪವೇ ಕಡಿಮೆ ಜಾಗಕ್ಕೆ, ಹರಡಿದೆ. ಪಟ್ಟಿ ಕಾಣುವುದು ಹಿನ್ನೆಲೆಯ ಬೆಳಕಿಗೂ ಧೂಳಿನ ಕಪ್ಪಿಗೂ ಇರುವ ವ್ಯತ್ಯಾಸದಿಂದ. ಆಕಾಶ ಬೆಳಗಿದ್ದರೆ ಆ ಬೆಳಕು ಪಟ್ಟಿಯ ಮೇಲೂ ಬಿದ್ದು ವ್ಯತ್ಯಾಸ ಅಳಿಸಿಹೋಗುತ್ತದೆ. ಕನ್ನಡಿ ದೊಡ್ಡದು ಮಾಡಿದರೂ ಅದು ಹಿಂತಿರುಗಿ ಬಾರದು.

ನಿಮ್ಮ 200 ಮಿ.ಮೀ. ಟೆಲಿಸ್ಕೋಪಿನ ನಾಭಿದೂರ 1200 ಮಿ.ಮೀ. ಎಂದಿಟ್ಟುಕೊಂಡರೆ 25 ಮಿ.ಮೀ. ಐಪೀಸ್ 48 ಪಟ್ಟು ಹಿಗ್ಗಿಸುತ್ತದೆ. ಹುಡುಕುವುದಕ್ಕೆ ಅದು ಸರಿ. ಪಟ್ಟಿಗಾಗಿ 15 ಮಿ.ಮೀ. ಹಾಕಿ, 80 ಪಟ್ಟು ಹಿಗ್ಗಿಸಿ. ಹಿಗ್ಗಿಸಿದಷ್ಟೂ ಮಂದವಾಗುತ್ತದೆ ನಿಜ, ಆದರೆ ಆಕಾಶವೂ ಅಷ್ಟೇ ಮಂದವಾಗುತ್ತದೆ ಮತ್ತು ಪಟ್ಟಿ ಕಣ್ಣಿಗೆ ದಪ್ಪವಾಗಿ ಸಿಗುತ್ತದೆ. ಮಂದ ಬೆಳಕಿನಲ್ಲಿ ಕಣ್ಣು ಸಣ್ಣ ವಿವರಕ್ಕಿಂತ ದೊಡ್ಡ ಆಕಾರವನ್ನು ಚೆನ್ನಾಗಿ ಹಿಡಿಯುತ್ತದೆ. ಅರ್ಧ ಗಂಟೆ ಫೋನ್ ಮುಟ್ಟದೆ ಕತ್ತಲಿಗೆ ಕಣ್ಣು ಹೊಂದಿಸಿಕೊಳ್ಳಿ. ಗೆಲಾಕ್ಸಿಯನ್ನು ನೇರ ನೋಡದೆ ಪಕ್ಕಕ್ಕೆ ದೃಷ್ಟಿ ಇಡಿ. ಪಟ್ಟಿ ವಾಯವ್ಯದಿಂದ ಆಗ್ನೇಯಕ್ಕೆ ಓರೆಯಾಗಿ ಹಾಯುತ್ತದೆ ಎಂದು ಮೊದಲೇ ಗೊತ್ತಿದ್ದರೆ ಕಣ್ಣಿಗೆ ಸಹಾಯ. ಟೆಲಿಸ್ಕೋಪನ್ನು ಮೆಲ್ಲಗೆ ತಟ್ಟಿ ನೋಟ ಅಲುಗಾಡುವಂತೆ ಮಾಡಿ, ಮಂದ ಅಂಚುಗಳು ಆಗ ಎದ್ದು ಕಾಣುತ್ತವೆ. ನೆಬ್ಯುಲಾ ಫಿಲ್ಟರ್ ಹಾಕಬೇಡಿ. ಅದು ಹೊಳೆಯುವ ಅನಿಲದ ಕೆಲವೇ ಬಣ್ಣಗಳನ್ನು ಬಿಡುತ್ತದೆ. ಗೆಲಾಕ್ಸಿಯ ಬೆಳಕು ನಕ್ಷತ್ರಗಳದ್ದು, ಎಲ್ಲ ಬಣ್ಣಗಳಲ್ಲೂ ಹರಡಿರುವಂಥದ್ದು. ಫಿಲ್ಟರ್ ಅದನ್ನೇ ತಿಂದುಹಾಕುತ್ತದೆ.

ಕ್ಯಾಮೆರಾ ಇದ್ದವರಿಗೆ ಪಟ್ಟಿ ಸಲೀಸು. ಆಕಾಶದ ಜೊತೆ ತಿರುಗುವ ಮೌಂಟ್ ಮೇಲೆ 500 ಮಿ.ಮೀ. ನಾಭಿದೂರ, 3.76 ಮೈಕ್ರಾನ್ ಪಿಕ್ಸೆಲ್ ಇದ್ದರೆ ಪ್ರತಿ ಪಿಕ್ಸೆಲ್‌ಗೆ 1.55 ವಿಕಲೆ (ವಿಕಲೆ ಎಂದರೆ ಕಲೆಯ 60ರಲ್ಲಿ ಒಂದು ಪಾಲು) ಬರುತ್ತದೆ, ಗೆಲಾಕ್ಸಿ ಸುಮಾರು ಸಾವಿರ ಪಿಕ್ಸೆಲ್ ಅಗಲ ತುಂಬುತ್ತದೆ. ಒಂದೊಂದು ನಿಮಿಷದ 60 ಚಿತ್ರಗಳನ್ನು ಪೇರಿಸಿದರೆ ಪಟ್ಟಿಯೊಳಗಿನ ಸೀಳುಗಳೂ ಬರುತ್ತವೆ. ಎಪ್ರಿಲ್-ಮೇ ಸೆಖೆಯಲ್ಲಿ ಸೆನ್ಸರ್ ಬಿಸಿಯಾಗಿ ಚುಕ್ಕೆಗಳು ಹೆಚ್ಚು. ಅವನ್ನು ಕಳೆಯಲು ಲೆನ್ಸ್ ಮುಚ್ಚಿ ತೆಗೆಯುವ ಡಾರ್ಕ್ ಚಿತ್ರಗಳನ್ನು ಅದೇ ರಾತ್ರಿ, ಅದೇ ಬಿಸಿಯಲ್ಲಿ ತೆಗೆಯಿರಿ. ಚಳಿಗಾಲದಲ್ಲಿ ತೆಗೆದಿಟ್ಟವು ಇಲ್ಲಿಗೆ ಹೊಂದುವುದಿಲ್ಲ.

ಪ್ರಶ್ನೆ: ರೇಡಿಯೊದಲ್ಲಿ 8 ಡಿಗ್ರಿ ಉದ್ದ ಎಂದು ಬರೆದಿದ್ದೀರಿ. ಮುದ್ರಣದೋಷವೇ? ಅಷ್ಟು ದೊಡ್ಡದಾಗಿ ಹೊಳೆಯುತ್ತಿರುವುದು ಏನು? (ಮೈಸೂರು, ಭೌತಶಾಸ್ತ್ರ ಉಪನ್ಯಾಸಕರು)

ದೋಷವಲ್ಲ. ಉತ್ತರ ದಕ್ಷಿಣವಾಗಿ 8 ಡಿಗ್ರಿ, ಅಂದರೆ 16 ಹುಣ್ಣಿಮೆ ಚಂದ್ರರನ್ನು ಒಂದರ ಮೇಲೊಂದು ಇಟ್ಟಷ್ಟು. ಆ ದೂರದಲ್ಲಿ ಇದು ಸುಮಾರು 17 ಲಕ್ಷ ಜ್ಯೋತಿರ್ವರ್ಷ. ಗೆಲಾಕ್ಸಿಯ ಎರಡು ಕಡೆಗೂ ಚಾಚಿದ ಈ ಭಾಗಗಳಿಗೆ ರೇಡಿಯೊ ಹಾಲೆಗಳು ಎನ್ನುತ್ತಾರೆ. ಇವು ನಕ್ಷತ್ರಗಳಲ್ಲ. ಬೆಳಕಿನ ವೇಗಕ್ಕೆ ತೀರಾ ಸಮೀಪದಲ್ಲಿ ಓಡುವ ಎಲೆಕ್ಟ್ರಾನ್‌ಗಳು ತೆಳುವಾದ ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುವಾಗ ಹೊರಬಿಡುವ ಸಿಂಕ್ರೊಟ್ರಾನ್ ವಿಕಿರಣ.

ಲೆಕ್ಕ ನಿಮಗೆ ಇಷ್ಟವಾದೀತು. ಕಾಂತಕ್ಷೇತ್ರ ಒಂದು ಮೈಕ್ರೊಗಾಸ್ ಎನ್ನೋಣ, ಭೂಮಿಯ ಕ್ಷೇತ್ರದ ಲಕ್ಷಗಟ್ಟಲೆ ಪಾಲಿನಲ್ಲಿ ಒಂದು ಪಾಲು. ತನ್ನ ವಿಶ್ರಾಂತ ಶಕ್ತಿಯ (ನಿಶ್ಚಲವಾಗಿದ್ದಾಗಲೂ ಇರುವ ಶಕ್ತಿ) 10,000 ಪಟ್ಟು ಶಕ್ತಿ ಇರುವ ಎಲೆಕ್ಟ್ರಾನ್ ಆ ಕ್ಷೇತ್ರದಲ್ಲಿ ಮುಖ್ಯವಾಗಿ 400 ಮೆಗಾಹರ್ಟ್ಸ್ ಸುಮಾರಿಗೆ ಹೊಳೆಯುತ್ತದೆ. ರೇಡಿಯೊ ದೂರದರ್ಶಕಗಳು ಹಿಡಿಯುವುದು ಇಂಥವನ್ನೇ.

ಇನ್ನೂ ಕುತೂಹಲದ ಸಂಗತಿ 2010ರಲ್ಲಿ ಬಂತು. ಫರ್ಮಿ ಉಪಗ್ರಹ ಈ ಹಾಲೆಗಳಿಂದಲೇ ಗಾಮಾ ಕಿರಣ ಬರುತ್ತಿರುವುದನ್ನು ಕಂಡಿತು. ಮಹಾಸ್ಫೋಟದಿಂದ ಉಳಿದ ಸೂಕ್ಷ್ಮತರಂಗದ ಫೋಟಾನ್‌ಗಳು ಎಲ್ಲೆಡೆ ಇವೆ. ವೇಗದ ಎಲೆಕ್ಟ್ರಾನ್ ಅದಕ್ಕೆ ಡಿಕ್ಕಿ ಹೊಡೆದಾಗ ಫೋಟಾನ್ ಶಕ್ತಿ ಪಡೆದು ಗಾಮಾ ಕಿರಣವಾಗುತ್ತದೆ. ಆದರೆ ಅದಕ್ಕೆ ವಿಶ್ರಾಂತ ಶಕ್ತಿಯ ಸುಮಾರು ಹತ್ತು ಲಕ್ಷ ಪಟ್ಟು ಶಕ್ತಿಯ ಎಲೆಕ್ಟ್ರಾನ್ ಬೇಕು. ಅಂಥ ಎಲೆಕ್ಟ್ರಾನ್ ಇದೇ ಡಿಕ್ಕಿಗಳಿಂದ 20 ಲಕ್ಷ ವರ್ಷಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಕೇಂದ್ರದಿಂದ ಹಾಲೆಯ ತುದಿಗೆ ಬೆಳಕೇ ಹೋಗಲು ಎಂಟು ಲಕ್ಷ ವರ್ಷಕ್ಕೂ ಹೆಚ್ಚು ಬೇಕು, ಅನಿಲದ ಮೋಡ ಬೆಳಕಿನಂತೆ ಓಡುವುದಿಲ್ಲ. ಆದ್ದರಿಂದ ಎಲೆಕ್ಟ್ರಾನ್‌ಗಳೆಲ್ಲ ಕೇಂದ್ರದಲ್ಲೇ ಶಕ್ತಿ ಪಡೆದು ಅಷ್ಟು ದೂರ ನಿಧಾನವಾಗಿ ತೇಲಿಕೊಂಡು ಬಂದವು ಎನ್ನಲು ಸಾಧ್ಯವಿಲ್ಲ. ಹಾಲೆಯೊಳಗೆ ಎಲ್ಲೋ ಅವುಗಳಿಗೆ ಮತ್ತೆ ಶಕ್ತಿ ಸಿಗುತ್ತಿರಬೇಕು. ಹೇಗೆ ಎಂಬುದರ ಮೇಲೆ ಈಗಲೂ ಕೆಲಸ ನಡೆದಿದೆ. ತರಗತಿಯಲ್ಲಿ ಕೊಡಲು ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗದು, ಎರಡೇ ಸಂಖ್ಯೆಗಳ ಹೋಲಿಕೆಯಿಂದ ಒಂದು ಸುಲಭ ವಿವರಣೆ ಬಿದ್ದುಹೋಗುತ್ತದೆ.

ಈ ದೊಡ್ಡ ಹಾಲೆಗಳ, ಅಂದರೆ ಹೊರಹಾಲೆಗಳ, ಒಳಗೆ, ಗೆಲಾಕ್ಸಿಯ ನಕ್ಷತ್ರಗಳ ನಡುವೆಯೇ, ಒಳಹಾಲೆಗಳೆಂಬ ಚಿಕ್ಕ ಜೋಡಿಯೂ ಇದೆ. ಉತ್ತರದಲ್ಲಿ ಮಾತ್ರ ಒಳಹಾಲೆಗೂ ಹೊರಹಾಲೆಗೂ ನಡುವೆ ಮಧ್ಯಹಾಲೆ ಇದೆ. ದಕ್ಷಿಣದಲ್ಲಿ ಅದಕ್ಕೆ ಸರಿಸಾಟಿಯಾದ ಜೋಡಿ ಕಾಣುವುದಿಲ್ಲ.

ಪ್ರಶ್ನೆ: ಕೇಂದ್ರದಿಂದ ಹೊರಟ ಜೆಟ್ ಚಂದ್ರಾ ಕ್ಷ-ಕಿರಣ ದೂರದರ್ಶಕದ ಚಿತ್ರದಲ್ಲಿ ಒಂದೇ ಕಡೆ ಕಾಣುತ್ತದೆ. ಹಾಲೆ ಎರಡಿದ್ದ ಮೇಲೆ ಜೆಟ್ ಒಂದೇ ಯಾಕೆ? (ಧಾರವಾಡ)

ಜೆಟ್ ಎಂದರೆ ಕೇಂದ್ರದ ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಕಣಗಳ ಧಾರೆ. ಅವು ಎರಡಿವೆ, ಒಂದು ನಮ್ಮ ಕಡೆಗೆ ಸ್ವಲ್ಪ ವಾಲಿದೆ. ಸಾಪೇಕ್ಷತಾ ನಿಯಮದ ಪ್ರಕಾರ ನಮ್ಮತ್ತ ಬರುವ ವಸ್ತುವಿನ ಬೆಳಕು ತೀವ್ರವಾಗಿಯೂ, ದೂರ ಹೋಗುವುದರದ್ದು ಮಂಕಾಗಿಯೂ ಕಾಣುತ್ತದೆ. ಜೆಟ್ಟಿನ ಕೆಲವು ಗಂಟುಗಳು ವರ್ಷಗಳ ಅಂತರದಲ್ಲಿ ತೆಗೆದ ರೇಡಿಯೊ ಚಿತ್ರಗಳಲ್ಲಿ ಸರಿದಿರುವುದು ಕಂಡಿದೆ. ಲೆಕ್ಕ ಹಾಕಿದರೆ ವೇಗ ಬೆಳಕಿನ ಅರ್ಧದಷ್ಟು. ಆ ವೇಗಕ್ಕೆ ಈ ಪರಿಣಾಮ ಸಾಕಷ್ಟಿರುತ್ತದೆ. ಕಾಣುವ ಜೆಟ್ ಈಶಾನ್ಯಕ್ಕೆ, ಧೂಳಿನ ಪಟ್ಟಿಗೆ ಹೆಚ್ಚುಕಡಿಮೆ ಲಂಬವಾಗಿ ಹೋಗುತ್ತದೆ. ನೈರುತ್ಯದ ಜೆಟ್ ತೀರಾ ಮಂದ, ಆದರೆ ಅದರ ಕಡೆಯ ಒಳಹಾಲೆ ತುದಿಯಲ್ಲಿ ಎದುರಿನ ಅನಿಲವನ್ನು ತಳ್ಳಿ ಎಬ್ಬಿಸಿದ ಆಘಾತದ ಅಲೆ ಚಂದ್ರಾ ಚಿತ್ರದಲ್ಲಿ ಸ್ಪಷ್ಟವಾಗಿದೆ. ಅಲ್ಲಿ ಜೆಟ್ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ.

ಜೆಟ್ಟಿನಲ್ಲಿ ಕ್ಷ-ಕಿರಣ ಹೊರಡಿಸುವ ಎಲೆಕ್ಟ್ರಾನ್‌ಗಳ ಆಯುಸ್ಸು ಕೆಲವು ದಶಕಗಳಷ್ಟೇ, ಜೆಟ್ಟಿನ ಉದ್ದವಾದರೋ ಸಾವಿರಾರು ಜ್ಯೋತಿರ್ವರ್ಷ. ಹಾಲೆಯ ಕತೆಯೇ ಇಲ್ಲಿಯೂ, ದಾರಿಯುದ್ದಕ್ಕೂ ಶಕ್ತಿ ತುಂಬಬೇಕು. ನಮೀಬಿಯಾದ ಹೆಸ್ ದೂರದರ್ಶಕಗಳು 2009ರಲ್ಲಿ ಈ ಗೆಲಾಕ್ಸಿಯ ಅತ್ಯುಚ್ಚ ಶಕ್ತಿಯ ಗಾಮಾ ಕಿರಣವನ್ನು ಹಿಡಿದವು. ಅದು ಒಂದು ಬಿಂದುವಿನಿಂದಲ್ಲ, ಜೆಟ್ಟಿನ ಉದ್ದಕ್ಕೂ ಬರುತ್ತಿದೆ ಎಂದು 2020ರಲ್ಲಿ ತೋರಿಸಿದವು.

ಪ್ರಶ್ನೆ: ಎಂ87 ಗೆಲಾಕ್ಸಿಯ ಕಪ್ಪುಕುಳಿಯ ಉಂಗುರದ ಚಿತ್ರ ಬಂತು. ಇದು ಅದಕ್ಕಿಂತ ಹತ್ತಿರ. ಇದರದ್ದು ಯಾಕಿಲ್ಲ? (ಹಾಸನ)

ಹತ್ತಿರವಿದೆ, ಆದರೆ ತೂಕ ಕಡಿಮೆ. ಸೆಂಟಾರಸ್ ಎ ಕೇಂದ್ರದ ಕಪ್ಪುಕುಳಿ ಸುಮಾರು 5.5 ಕೋಟಿ ಸೂರ್ಯರಷ್ಟು ತೂಗುತ್ತದೆ, ಎಂ87ರದ್ದು 650 ಕೋಟಿ. ನೂರು ಪಟ್ಟಿಗೂ ಮೇಲೆ. ದೂರದಲ್ಲಿ ನಾಲ್ಕೂವರೆ ಪಟ್ಟು ಲಾಭ ಸಿಕ್ಕರೂ ಉಂಗುರದ ಗಾತ್ರ ಆಕಾಶದಲ್ಲಿ ಸುಮಾರು 1.5 ಮೈಕ್ರೊ ವಿಕಲೆ (ವಿಕಲೆಯ ಹತ್ತು ಲಕ್ಷದಲ್ಲಿ ಒಂದು ಪಾಲು) ಆಗುತ್ತದೆ. ಎಂ87ರದ್ದು 42. ಆ ಚಿತ್ರ ತೆಗೆದ ಈವೆಂಟ್ ಹೊರೈಜನ್ ಟೆಲಿಸ್ಕೋಪ್ ಜಾಲದ ವಿವರಶಕ್ತಿ ಸುಮಾರು 25 ಮೈಕ್ರೊ ವಿಕಲೆ. ಭೂಮಿಯಷ್ಟಗಲದ ಜಾಲದಿಂದ 1.3 ಮಿ.ಮೀ. ತರಂಗದಲ್ಲಿ ಇದಕ್ಕಿಂತ ಹೆಚ್ಚು ಬಾರದು. ಅದೇ ಜಾಲ 2017ರ ಏಪ್ರಿಲ್‌ನಲ್ಲಿ ಈ ಗೆಲಾಕ್ಸಿಯನ್ನೂ ನೋಡಿತ್ತು. 2021ರಲ್ಲಿ ಪ್ರಕಟವಾದ ಚಿತ್ರದಲ್ಲಿ ಜೆಟ್ಟಿನ ಬುಡ ಕಾಣುತ್ತದೆ: ಅಂಚುಗಳೆರಡೂ ಪ್ರಕಾಶ, ನಡು ಮಂದ. ಉಂಗುರಕ್ಕೆ ಇನ್ನೂ ಕಿರಿದಾದ ತರಂಗ, ಇಲ್ಲವೇ ಬಾಹ್ಯಾಕಾಶದ ಆಂಟೆನಾಗಳು ಬೇಕು.

ಪ್ರಶ್ನೆ: ಪುಣೆ ಬಳಿಯ ಜಿಎಂಆರ್‌ಟಿ, ನಮ್ಮ ಗೌರಿಬಿದನೂರಿನದು, ಈ ರೇಡಿಯೊ ದೂರದರ್ಶಕಗಳು ಇದನ್ನು ನೋಡಬಲ್ಲವೇ? (ಚಿಕ್ಕಬಳ್ಳಾಪುರ)

ಎರಡರಿಂದಲೂ ಆಕಾಶದ ಆ ಭಾಗ ಸಿಗುತ್ತದೆ. ಗೌರಿಬಿದನೂರಿನ ಟಿ ಆಕಾರದ ದ್ವಿಧ್ರುವ ಸಾಲುಗಳಿಂದ 34.5 ಮೆಗಾಹರ್ಟ್ಸ್‌ನಲ್ಲಿ ಮಾಡಿದ, 1990ರಲ್ಲಿ ಪ್ರಕಟವಾದ ಆಕಾಶ ನಕ್ಷೆ −50 ಡಿಗ್ರಿಯವರೆಗೂ ಹೋಗುತ್ತದೆ. ಜಿಎಂಆರ್‌ಟಿಯಿಂದ ಈ ಗೆಲಾಕ್ಸಿ ಅತಿ ಹೆಚ್ಚೆಂದರೆ 28 ಡಿಗ್ರಿ ಎತ್ತರಕ್ಕೆ ಬರುತ್ತದೆ, ನೋಡಲು ಅಡ್ಡಿಯಿಲ್ಲ.

ಆದರೆ ಜಿಎಂಆರ್‌ಟಿಯಂಥ ಹಲವು ಡಿಶ್‌ಗಳ ಜಾಲಕ್ಕೆ 8 ಡಿಗ್ರಿಯ ಹಾಲೆಯನ್ನು ಪೂರ್ತಿ ಹಿಡಿಯುವುದು ಆಗದ ಮಾತು. ಎರಡು ಡಿಶ್‌ಗಳ ನಡುವಿನ ದೂರ ಹೆಚ್ಚಿದಷ್ಟೂ ಸಣ್ಣ ವಿವರ ಸಿಗುತ್ತದೆ, ದೊಡ್ಡ ನುಣುಪಾದ ಹರವು ತಪ್ಪಿಹೋಗುತ್ತದೆ. ಹತ್ತಿರದ ಜೋಡಿಗಳ ಅಂತರವೇ 100 ಮೀಟರ್ ಆದ್ದರಿಂದ 1400 ಮೆಗಾಹರ್ಟ್ಸ್‌ನಲ್ಲಿ ಏಳು ಕಲೆಗಿಂತ ದೊಡ್ಡ ರಚನೆಗಳು ಚಿತ್ರದಿಂದ ಮಾಯವಾಗುತ್ತವೆ. 150 ಮೆಗಾಹರ್ಟ್ಸ್‌ನಲ್ಲೂ ಮಿತಿ ಒಂದು ಡಿಗ್ರಿ ಚಿಲ್ಲರೆ. ಒಳಹಾಲೆ, ಜೆಟ್ ಚೆನ್ನಾಗಿ ಬರುತ್ತವೆ, ಹೊರಹಾಲೆ ಖಾಲಿ ಆಕಾಶದಂತೆ ಕಾಣುತ್ತದೆ. ಯಾವುದೇ ರೇಡಿಯೊ ಚಿತ್ರ ನೋಡುವಾಗ ‘ಇದರ ಅತಿ ಚಿಕ್ಕ ಅಂತರ ಎಷ್ಟು’ ಎಂದು ಕೇಳದೆ ಗಾತ್ರದ ಬಗ್ಗೆ ಮಾತಾಡಬಾರದು. ಆಸ್ಟ್ರೇಲಿಯಾದವರು ಇದಕ್ಕೇ ತಮ್ಮ ಕಾಂಪ್ಯಾಕ್ಟ್ ಅರೇ ಜಾಲದ ದತ್ತಕ್ಕೆ ಪಾರ್ಕ್ಸ್‌ನ 64 ಮೀಟರ್ ಒಂಟಿ ಡಿಶ್‌ನ ದತ್ತ ಬೆಸೆದು ಚಿತ್ರ ಮಾಡಿದರು. ಮುಂದೆ ಮರ್ಚಿಸನ್ ವೈಡ್‌ಫೀಲ್ಡ್ ಅರೇ, ನೆಲಕ್ಕೆ ಕಚ್ಚಿದ ಸಾವಿರಾರು ಪುಟ್ಟ ಆಂಟೆನಾಗಳಿಂದ, ಹಾಲೆಗಳನ್ನು ಪೂರ್ತಿಯಾಗಿ ಒಂದೇ ನೋಟದಲ್ಲಿ ಹಿಡಿಯಿತು.

ಬೆಂಗಳೂರಿನ ನಂಟು ಇನ್ನೊಂದಿದೆ. ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿರುವ, ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ಸಿದ್ಧವಾದ ಅತಿನೇರಳೆ ದೂರದರ್ಶಕ, ಜೆಟ್ ಹಾಯುವ ಈಶಾನ್ಯದ ಎಳೆಗಳಲ್ಲಿ ಹೊಸ ನಕ್ಷತ್ರಗಳನ್ನು ನೋಡಿದೆ. ಜೆಟ್ ಅನಿಲವನ್ನು ಒತ್ತಿ ನಕ್ಷತ್ರ ಹುಟ್ಟಿಸುತ್ತಿರಬಹುದಾದ ಜಾಗ ಅದು.

ಪ್ರಶ್ನೆ: ನಮ್ಮ ಪಾಲಿಟೆಕ್ನಿಕ್ ಹುಡುಗರು ಹಳೆಯ ಕೇಬಲ್ ಟಿವಿ ಡಿಶ್‌ನಿಂದ ಇದನ್ನು ಹಿಡಿಯಬೇಕೆಂದಿದ್ದಾರೆ. ಸಾಧ್ಯವೇ? (ಬಾಗಲಕೋಟೆ)

ಸಾಧ್ಯ, ಆದರೆ ಡಿಶ್ ದೊಡ್ಡದಿರಬೇಕು. ಕೇಬಲ್ ಆಪರೇಟರ್‌ಗಳ ಹತ್ತು ಅಡಿಯ ಜಾಳಿಗೆ ಡಿಶ್ ಆಗುತ್ತದೆ. ಜಾಳಿಗೆಯ ತೂತು 2 ಸೆಂ.ಮೀ.ಗಿಂತ ಚಿಕ್ಕದಿದ್ದರೆ 21 ಸೆಂ.ಮೀ. ತರಂಗಕ್ಕೆ ಅದು ಗಟ್ಟಿ ಹಾಳೆಯಂತೆಯೇ. 3 ಮೀಟರ್ ಡಿಶ್‌ನ ವಿಸ್ತೀರ್ಣ 7 ಚದರ ಮೀಟರ್, ಅದರಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ಶೇಕಡ 55, ಅಂದರೆ 3.9. ಗೆಲಾಕ್ಸಿಯಿಂದ 1400 ಮೆಗಾಹರ್ಟ್ಸ್‌ನಲ್ಲಿ ಸಾವಿರ ಜಾನ್ಸ್ಕಿ (ರೇಡಿಯೊ ತೀವ್ರತೆಯ ಮಾನ) ಬಂತು ಎಂದರೆ ಆಂಟೆನಾ ತಾಪ, ಅಂದರೆ ತಾಪದ ಅಳತೆಯಲ್ಲಿ ಹೇಳುವ ಸಂಕೇತದ ಬಲ, 1.4 ಕೆಲ್ವಿನ್ ಏರುತ್ತದೆ. ಮನೆಯ 90 ಸೆಂ.ಮೀ. ಡಿಟಿಎಚ್ ತಟ್ಟೆಯಲ್ಲಿ ಅದೇ ಏರಿಕೆ 0.13 ಕೆಲ್ವಿನ್ ಮಾತ್ರ. ಅದನ್ನು ಬಿಟ್ಟುಬಿಡಿ.

ಫೀಡ್‌ಗೆ, ಅಂದರೆ ಡಿಶ್ ಕೂಡಿಸಿದ ಅಲೆಗಳನ್ನು ಹಿಡಿಯುವ ಭಾಗಕ್ಕೆ, 15.5 ಸೆಂ.ಮೀ. ವ್ಯಾಸದ, ಕನಿಷ್ಠ 26 ಸೆಂ.ಮೀ. ಉದ್ದದ, ಒಂದು ಬದಿ ಮುಚ್ಚಿದ ತಗಡಿನ ಡಬ್ಬ. ಮುಚ್ಚಿದ ತಳದಿಂದ 8.8 ಸೆಂ.ಮೀ. ದೂರದಲ್ಲಿ ತೂತು ಕೊರೆದು ಸುಮಾರು 5 ಸೆಂ.ಮೀ. ಉದ್ದದ ತಾಮ್ರದ ಕಡ್ಡಿ ನಿಲ್ಲಿಸಿ. ಕಡ್ಡಿಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಕತ್ತರಿಸುತ್ತಾ ಹೊಂದಿಸಬೇಕು. ಕಡಿಮೆ ಗದ್ದಲದ ಆಂಪ್ಲಿಫೈಯರ್ ಡಬ್ಬಕ್ಕೇ ಅಂಟಿಕೊಂಡಿರಲಿ. ನಡುವೆ ಕೇಬಲ್ ಎಳೆದರೆ ಅದರ ನಷ್ಟವೆಲ್ಲ ಗದ್ದಲವಾಗಿ ಸೇರುತ್ತದೆ. ಆಮೇಲೆ 1400 ಮೆಗಾಹರ್ಟ್ಸ್‌ನ ಫಿಲ್ಟರ್, ಯುಎಸ್‌ಬಿ ಎಸ್‌ಡಿಆರ್ (ಸಾಫ್ಟ್‌ವೇರ್‌ನಿಂದ ನಡೆಯುವ ರೇಡಿಯೊ) ರಿಸೀವರ್, ಲ್ಯಾಪ್‌ಟಾಪ್.

ಇಷ್ಟಾದ ಮೇಲೆ ಹೆಚ್ಚಿನವರು ಸೋಲುವುದು ಒಂದೇ ಕಾರಣಕ್ಕೆ. ವ್ಯವಸ್ಥೆಯ ಒಟ್ಟು ಗದ್ದಲ 100 ಕೆಲ್ವಿನ್, ಹಿಡಿಯುವ ಆವರ್ತನಗಳ ಹರವು 2 ಮೆಗಾಹರ್ಟ್ಸ್, ಸರಾಸರಿ 10 ಸೆಕೆಂಡ್ ಎಂದರೆ ಲೆಕ್ಕದ ಪ್ರಕಾರ 0.02 ಕೆಲ್ವಿನ್ ವರೆಗೂ ಅಳೆಯಬಹುದು. 1.4 ಕೆಲ್ವಿನ್ ಅದರ ಎಷ್ಟೋ ಪಟ್ಟು. ಆದರೆ ಆಂಪ್ಲಿಫೈಯರ್‌ನ ಗಳಿಕೆ (ಗೇನ್) 0.1 ಡೆಸಿಬೆಲ್ ಬದಲಾದರೂ ಓದು 2.3 ಕೆಲ್ವಿನ್ ಆಚೀಚೆ ಆಗುತ್ತದೆ. ಸಂಜೆಯ ಮೇಲೆ ಗಾಳಿ ಕೆಲವು ಡಿಗ್ರಿ ತಣಿದರೆ ಅಷ್ಟು ಬದಲಾವಣೆ ಆಗೇ ಆಗುತ್ತದೆ. ಗೆಲಾಕ್ಸಿ ಆ ಇಳಿಜಾರಿನಲ್ಲಿ ಮುಳುಗಿಹೋಗುತ್ತದೆ. ಆದ್ದರಿಂದ ಆಂಪ್ಲಿಫೈಯರನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಡಿ, ಎರಡು ಗಂಟೆ ಮೊದಲೇ ಚಾಲೂ ಮಾಡಿ. ರಿಸೀವರ್‌ನ ತಾನೇ ಗಳಿಕೆ ಹೊಂದಿಸಿಕೊಳ್ಳುವ ಸೌಲಭ್ಯ, ಅಂದರೆ ಎಜಿಸಿ, ಕಡ್ಡಾಯವಾಗಿ ಆರಿಸಿ. ಅದು ಆನ್ ಇದ್ದರೆ ನೀವು ಹುಡುಕುವ ಏರಿಕೆಯನ್ನೇ ಅದು ಸಮ ಮಾಡಿಬಿಡುತ್ತದೆ. ಅನುಕೂಲವಿದ್ದರೆ ಒಂದು ಸ್ವಿಚ್ ಹಾಕಿ, ಪ್ರತಿ ನಿಮಿಷಕ್ಕೆ ಆಂಟೆನಾ ಮತ್ತು 50 ಓಮ್ ಲೋಡ್ ನಡುವೆ ಬದಲಿಸುತ್ತಾ ವ್ಯತ್ಯಾಸ ದಾಖಲಿಸಿ.

ಡಿಶ್ ತಿರುಗಿಸಬೇಡಿ. ನೇರ ದಕ್ಷಿಣಕ್ಕೆ ಮುಖ ಮಾಡಿ, ಬಾಗಲಕೋಟೆಗೆ ಸುಮಾರು 31 ಡಿಗ್ರಿ ಎತ್ತರಕ್ಕೆ ಬಿಗಿದು, ಆಕಾಶವೇ ಹಾಯಲು ಬಿಡಿ. ನಿಮ್ಮ ಡಿಶ್‌ನ ನೋಟ ಸುಮಾರು 5 ಡಿಗ್ರಿ, ಆದ್ದರಿಂದ ಏರಿಕೆಯ ಅರ್ಧಎತ್ತರದ ಅಗಲ 27 ನಿಮಿಷದಷ್ಟು ಬರಬೇಕು. ಹಾಲೆಗಳು ನೋಟದಿಂದ ಹೊರಗೂ ಚಾಚಿರುವುದರಿಂದ 1.4 ಕೆಲ್ವಿನ್‌ಗಿಂತ ಕಡಿಮೆ ಬಂದರೆ ಗಾಬರಿಯಾಗಬೇಡಿ. ಟ್ಯೂನ್ ಮಾಡುವಾಗ 1420.4 ಬಿಟ್ಟು 1413ರ ಸುಮಾರಿಗೆ ಇಡಿ, ಇಲ್ಲವಾದರೆ ನಮ್ಮದೇ ಆಕಾಶಗಂಗೆಯ ಹೈಡ್ರೋಜನ್ ನಡುವೆ ಬರುತ್ತದೆ. ಅದಕ್ಕೂ ಮೊದಲು ಸೂರ್ಯನನ್ನು ಹಾಯಿಸಿ ನೋಡಿ. ಶಾಂತ ಸೂರ್ಯನೂ ನೂರಾರು ಕೆಲ್ವಿನ್ ಕೊಡುತ್ತಾನೆ, ಡಿಶ್‌ನ ನೋಟದ ಅಗಲ ಆಗಲೇ ಗೊತ್ತಾಗುತ್ತದೆ.

ಸಿಕ್ಕ ಏರಿಕೆ ಗೆಲಾಕ್ಸಿಯದೇ ಎಂದು ತಿಳಿಯುವ ಪರೀಕ್ಷೆ ಒಂದೇ. ಮರುದಿನ ಅದು 3 ನಿಮಿಷ 56 ಸೆಕೆಂಡ್ ಮೊದಲು ಬರಬೇಕು, ಒಂದು ವಾರಕ್ಕೆ 27 ನಿಮಿಷಕ್ಕೂ ಹೆಚ್ಚು. ಪಕ್ಕದ ಮೋಟಾರು, ಮೊಬೈಲ್ ಟವರ್, ಬೀದಿದೀಪ ಗಡಿಯಾರದ ಹೊತ್ತಿಗೇ ಬರುತ್ತವೆ.

ಪ್ರಶ್ನೆ: ಬ್ರಹ್ಮಾಂಡದ ಅತಿ ಶಕ್ತಿಯ ಕಾಸ್ಮಿಕ್ ಕಣಗಳು ಇಲ್ಲಿಂದಲೇ ಬರುತ್ತವೆಯಂತೆ, ನಿಜವೇ? (ಉಡುಪಿ)

ತೀರ್ಮಾನವಾಗಿಲ್ಲ. ಅರ್ಜೆಂಟೀನಾದ ಪಿಯರ್ ಓಜೆ ವೀಕ್ಷಣಾಲಯ ಆ ದಿಕ್ಕಿನ ಸುತ್ತ ಇಂಥ ಕಣಗಳು ಸ್ವಲ್ಪ ಹೆಚ್ಚು ಬರುವುದನ್ನು ಕಂಡಿದೆ. ಕಣಗಳು ದಾರಿಯಲ್ಲಿ ಕಾಂತಕ್ಷೇತ್ರಗಳಿಂದ ಬಾಗುವುದರಿಂದ ದಿಕ್ಕು ಮಾತ್ರ ನೋಡಿ ಮೂಲ ಹೇಳಲು ಬರುವುದಿಲ್ಲ. ಅದೇ ದಿಕ್ಕಿನಲ್ಲಿ ಬೇರೆ ಗೆಲಾಕ್ಸಿಗಳೂ ಇವೆ.

ಪ್ರಶ್ನೆ: ನನ್ನ ಫೋಟೋದಲ್ಲಿ ಪಟ್ಟಿಯ ಹತ್ತಿರ ನಕ್ಷೆಯಲ್ಲಿಲ್ಲದ ಚುಕ್ಕೆ ಇದೆ. ಸೂಪರ್ನೋವಾ ಇರಬಹುದೇ? (ಶಿರಸಿ)

ಇರಬಹುದು, ಇಲ್ಲಿ ಹಿಂದೆಯೂ ಆಗಿದೆ. 1986ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಹವ್ಯಾಸಿ ರಾಬರ್ಟ್ ಇವಾನ್ಸ್ ಧೂಳಿನ ಪಟ್ಟಿಯಲ್ಲೇ ಒಂದನ್ನು ಕಂಡುಹಿಡಿದರು, ಅದು 1986ಜಿ. 2016ರ ಫೆಬ್ರವರಿಯಲ್ಲಿ ಇನ್ನೊಂದು ಬಂತು. ಎರಡನ್ನೂ ಧೂಳು ಬಹಳಷ್ಟು ಮರೆಮಾಡಿತ್ತು. ಈ ಗೆಲಾಕ್ಸಿಯ ಮೇಲೆ ನಮ್ಮ ಆಕಾಶಗಂಗೆಯ ನಕ್ಷತ್ರಗಳು ತುಂಬಾ ಚದುರಿರುವುದರಿಂದ ನಕ್ಷೆಯ ಮೇಲೆ ಭರವಸೆ ಇಡಬೇಡಿ, ಹಳೆಯ ದೀರ್ಘ ಎಕ್ಸ್‌ಪೋಷರಿನ ಚಿತ್ರದ ಜೊತೆ ಹೋಲಿಸಿ. ಪೇರಿಸಿದ ಚಿತ್ರವನ್ನಲ್ಲ, ಒಂದೊಂದೇ ಮೂಲ ಚಿತ್ರವನ್ನು ನೋಡಿ. ಒಂದರಲ್ಲಿ ಮಾತ್ರ ಇದ್ದರೆ ಕಾಸ್ಮಿಕ್ ಕಣ ಸೆನ್ಸರಿಗೆ ಬಡಿದದ್ದು. ಎಲ್ಲದರಲ್ಲೂ ಇದ್ದು, ನಕ್ಷತ್ರಗಳಿಗೆ ಹೋಲಿಸಿದರೆ ಸರಿಯುತ್ತಿದ್ದರೆ ಕ್ಷುದ್ರಗ್ರಹ. ಕ್ಯಾಮೆರಾ ಸ್ವಲ್ಪ ತಿರುಗಿಸಿ ಇನ್ನೊಂದು ಸರಣಿ ತೆಗೆಯಿರಿ. ಚುಕ್ಕೆ ಸೆನ್ಸರಿನ ಅದೇ ಮೂಲೆಯಲ್ಲಿ ಉಳಿದರೆ ಬಿಸಿ ಪಿಕ್ಸೆಲ್, ಗೆಲಾಕ್ಸಿಯ ಜೊತೆ ಜಾಗ ಬದಲಿಸಿದರೆ ನಿಜವಾದ ವಸ್ತು. ಮರುರಾತ್ರಿಯೂ ಅಲ್ಲೇ ಇದ್ದರೆ ಸ್ಥಾನ, ಹೊತ್ತು, ಕಾಂತಿಮಾನ ಬರೆದುಕೊಂಡು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಟ್ರಾನ್ಸಿಯೆಂಟ್ ನೇಮ್ ಸರ್ವರ್‌ನಲ್ಲಿ ಅದೇ ಜಾಗ ಈಗಾಗಲೇ ದಾಖಲಾಗಿದೆಯೇ ನೋಡಿ. ಇಲ್ಲದಿದ್ದರೆ ತಡಮಾಡದೆ ಅಲ್ಲಿ ನೋಂದಾಯಿಸಿ, ಮೂಲ ಚಿತ್ರಗಳನ್ನು ಅಳಿಸದೆ ಇಟ್ಟುಕೊಳ್ಳಿ.